ನಾಲ್ಕನೇ ಸಿಲಿಂಡರಿನ ಹಿಂದೆ

ಐವತ್ತಾರರ ಲ್ಯಾಂಡ್‌ಮಾಸ್ಟರು. ಬಣ್ಣ ಮಜ್ಜಿಗೆಯ ಬಿಳಿ.
ಮೂರು ವರ್ಷ, ಒಂದೆಳೆ ಚಿನ್ನದ ಸರ, ನನ್ನ ಎರಡು ಉಗುರು
ತಿಂದು ಎದ್ದು ನಿಂತದ್ದು.
ಮಂಡ್ಯದ ಗುತ್ತಲು ರಸ್ತೆಯಿಂದ ಹೊರಟರೆ
ಇಂಡುವಾಳಿನವರೆಗೆ ಮೇಷ್ಟರ ಸೈಕಲ್ಲಿನಷ್ಟು ಸಭ್ಯ;
ತೂಬಿನಕೆರೆ ಬರುವಷ್ಟರಲ್ಲಿ
ಮುಳ್ಳು ಕೆಂಪು ಗೆರೆಗೆ ತಲೆ ಆನಿಸಿ
ಬಾನೆಟ್ಟಿನ ಸಂದಿಯಿಂದ ಉಸ್ಸೆಂದು ಹಬೆ.

ಕಬ್ಬಿನ ಲಾರಿಯವರು ನಿಲ್ಲಿಸಿ ನಿಲ್ಲಿಸಿ ಮದ್ದು ಹೇಳಿದರು.
ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಕಣಕ್ಕ.
ಫ್ಯಾನಿಗೆ ಆರು ರೆಕ್ಕೆ ಹಾಕ್ಸಿ.
ಒಬ್ಬ ಮಾತ್ರ ಏನೂ ಹೇಳದೆ
ತನ್ನ ಕುಡಿಯುವ ನೀರಿನ ಕ್ಯಾನು ಇಳಿಸಿ ಹೋದ.

ದಸ್ತಗೀರ್ ಸಾಬರು ಏನನ್ನೂ ಬಿಸಾಕುವವರಲ್ಲ.
ಮೊದಲು ಮುಳ್ಳನ್ನೇ ಅನುಮಾನಿಸಿದರು:
'ಚಾಡಿ ಹೇಳೋನೇ ಸುಳ್ಳ ಆಗಿದ್ರೆ?'
ಮಗಳ ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರು ಬಂತು,
ರೇಡಿಯೇಟರಿನ ಬಾಯಿಗಿಟ್ಟು ಅರ್ಧ ಗಂಟೆ ಕೂತೆವು.
ಮುಳ್ಳು ನಿಜವನ್ನೇ ಹೇಳಿತ್ತು.

ಥರ್ಮೋಸ್ಟಾಟನ್ನು ಟೀ ಪಾತ್ರೆಯಲ್ಲಿ ಕುದಿಸಿದರು,
ಎಂಬತ್ತಕ್ಕೆ ಸರಿಯಾಗಿ ಕಣ್ಣು ಬಿಟ್ಟಿತು.
ಬೆಲ್ಟು ಹೆಬ್ಬೆರಳಿಗೆ ಬಾಗಬೇಕಾದಷ್ಟೇ ಬಾಗಿತು.
ಟೈಮಿಂಗ್ ಒಂದು ಕೂದಲೆಳೆ ಹಿಂದಿತ್ತು, ತಿದ್ದಿದರು,
ಕಾವು ಇಳಿಯಲಿಲ್ಲ.
ರೇಡಿಯೇಟರಿಗೆ ಮೈಸೂರಿನ ಮಂಡಿ ಮೊಹಲ್ಲದಲ್ಲಿ
ಹೊಸ ಕೋರು ಹಾಕಿಸಿದ ರಸೀದಿ ಇನ್ನೂ ನನ್ನ ಬ್ಯಾಗಿನಲ್ಲಿ.
ನೀರಲ್ಲಿ ಗುಳ್ಳೆಯಿಲ್ಲ. ಆಯಿಲಿನಲ್ಲಿ ಹಾಲಿಲ್ಲ.
ಗ್ಯಾಸ್ಕೆಟ್ಟೂ ನಿರಪರಾಧಿ.
ಆರೋಪಿಗಳೆಲ್ಲ ಒಬ್ಬೊಬ್ಬರೇ ಎದ್ದು ಹೋದ ಮೇಲೆ
ಉಳಿದದ್ದು ಸಂಜೆ, ಸಾಬರ ಬೀಡಿ, ಸೊಳ್ಳೆ.

ಆಗ ನಾಲ್ಕೂ ಪ್ಲಗ್ಗು ಬಿಚ್ಚಿ
ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟರು.
ಮೂರು, ಹುರಿದ ಕಾಫಿ ಬೀಜದ ಕಂದು.
ನಾಲ್ಕನೆಯದು ಬೂದಿಬಿಳಿ.
'ಇವನೊಬ್ಬನಿಗೆ ನೀರು ಮುಟ್ತಾ ಇಲ್ಲ, ಮೇಡಂ.'

ಬ್ಲಾಕಿನ ಹಿಂತುದಿಯಲ್ಲಿ ರೂಪಾಯಿ ಬಿಲ್ಲೆಯಂಥ ಮುಚ್ಚಳ.
ಉಳಿಯಿಟ್ಟು ಒಂದೇ ಏಟು.
ನೀರು ಚಿಮ್ಮಬೇಕಿತ್ತು.
ಸ್ಕ್ರೂಡ್ರೈವರು ಉಗುರಿನಷ್ಟೂ ಒಳಹೋಗಲಿಲ್ಲ.
ಕೆರೆದರೆ ಬಂತು ಕಪ್ಪಗೆ, ಅಚ್ಚಿಗೆ ಅಂಟಿ ಉಳಿದ ಬೆಲ್ಲದ ಹಾಗೆ.
ನೆನೆಸಿದರೆ ಮಣ್ಣು.
ಮೂಸಿದರೆ ನಾಲೆ.

ಕಾರು ಮಾರಿದ ಕೀಲಾರದ ಪುಟ್ಟತಾಯಮ್ಮನಿಗೆ ಫೋನು.
'ಅದೆಲ್ಲಿ ಕಾರಾಗಿತ್ತು ಕಣವ್ವ?
ಕಾರು ಕೊಟ್ಟಿಗೇಲಿ ಕೋಳಿಗಿತ್ತು,
ಇಂಜಿನ್ನು ಆಲೆಮನೇಲಿ ಗಾಣಕ್ಕಿತ್ತು.
ಹನ್ನೊಂದು ವರ್ಸ ಕಬ್ಬು ಅರೀತು, ಒಂದ್ಸಲಾನೂ ಮುನೀಲಿಲ್ಲ.
ನಾಲೆ ನೀರ್ನೇ ಬಕೆಟ್ಟಲ್ಲಿ ಕುಡುಸ್ತಿದ್ವಿ.
ನಾವೂ ಅದ್ನೇ ಕುಡೀತಿದ್ದುದು.'

ಸೀಟಿನ ದಾರದ ಬಣ್ಣ ಕೇಳಿ
ಮದರಾಸಿಗೆ ನಾಲ್ಕು ಕಾಗದ ಬರೆದವಳು ನಾನು.
ಇಂಜಿನ್ನಿಗೆ ಹಸಿರು ಬಳಿದು, ಒಣಗಿಸಿ, ಫೋಟೋ ತೆಗೆದಿದ್ದೆ.
ನೀನು ಎಲ್ಲೆಲ್ಲಿದ್ದೆ ಎಂದು
ಕೇಳುವುದು ಹೊಳೆದಿರಲಿಲ್ಲ.

ಎರಡು ದಿನ ತಂತಿ, ಸೈಕಲ್ ಕಡ್ಡಿ, ಗಾಳಿ, ನೀರು.
ಪಾಳಿಯ ಮೇಲೆ ಕೂತು ಹೂಳೆತ್ತಿದೆವು.
ಒಂದು ಬಾಂಡ್ಲಿ ತುಂಬಿತು.
ಚರಂಡಿಗೆ ಸುರಿಯಲು ಹೋದವಳ ಕೈಯಿಂದ ಕಿತ್ತುಕೊಂಡು
ಸಾಬರು ಗ್ಯಾರೇಜಿನ ಬಾಗಿಲ ಕರಿಬೇವಿನ ಬುಡಕ್ಕೆ ಹಾಕಿದರು.
'ತುಕ್ಕೂ ಗೊಬ್ಬರಾನೇ.'

ಈಗ ಮಟಮಟ ಮಧ್ಯಾಹ್ನ. ತೂಬಿನಕೆರೆ.
ಮುಳ್ಳು ನಡುಗೆರೆಯಿಂದ ಕದಲಿಲ್ಲ.
ಆದರೂ ಹುಣಸೆಮರದ ಕೆಳಗೆ ನಿಲ್ಲಿಸಿ ನಿಂತಿದ್ದೇನೆ.
ಕಬ್ಬಿನ ಲಾರಿಗಳು ನಿಧಾನಿಸುತ್ತವೆ, ತಲೆ ಹೊರಗಿಡುತ್ತವೆ:
'ಇವತ್ತೂ ಕಾಯ್ತಾ ಅಕ್ಕ?'
ಇಲ್ಲಪ್ಪ, ಕಾಯ್ತಿರೋದು ನಾನು.
ಯಾರದೋ ನೀರಿನ ಕ್ಯಾನು, ಮೂಲೆಯಲ್ಲಿ ಸೀಳು, ಹಗ್ಗದ ಹಿಡಿ,
ತೊಳೆದು ತುಂಬಿಸಿ ತಂದಿದ್ದೇನೆ.